ಮನೆಯ ಸಂಗೀತಕ್ಕೆ ಎಂಥ ಸ್ಪೀಕರು?

ಮೆಕ್ಕೆಜೋಳವೋ ಈರುಳ್ಳಿಯೋ ಒಳ್ಳೆಯ ಬೆಲೆಗೆ ಮಾರಾಟವಾಗಿ, ಸಾಲ ತೀರಿದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ, ಹೂವಿನಹಡಗಲಿ ತಾಲ್ಲೂಕಿನ ಮಾಗಳದಂಥ ಊರಿನಲ್ಲಿ ಸಂಗೀತಪ್ರಿಯನಾದ ಗೃಹಸ್ಥನಿಗೆ ಒಂದು ಆಸೆ ಹುಟ್ಟುವುದು ಸಹಜ. ಮೊಬೈಲಿನ ಕೀರಲು ದನಿಯಲ್ಲಿ ಕೇಳಿ ಬೇಸತ್ತ ಹಾಡನ್ನು ಮನೆಮಂದಿಯೆಲ್ಲ ಕುಳಿತು ತೃಪ್ತಿಯಾಗಿ ಕೇಳುವಂಥ ಒಂದು ಜೊತೆ ಸ್ಪೀಕರುಗಳನ್ನು ತರಬೇಕು! ಹೊಸಪೇಟೆಗೋ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ ಅಂಗಡಿಯ ಮೆಟ್ಟಿಲೇರಿದೊಡನೆ ಎರಡು ಬಗೆಯ ಪೆಟ್ಟಿಗೆಗಳು ಆತನಿಗೆ ಎದುರಾಗುತ್ತವೆ. ಒಂದು, ಪುಸ್ತಕದ ಕಪಾಟಿನಲ್ಲಿ ಕೂರಬಲ್ಲ ಪುಟ್ಟ ‘ಮಾನಿಟರ್’. ಇನ್ನೊಂದು, ನೆಲದ ಮೇಲೆಯೇ ನಿಲ್ಲುವ ಎತ್ತರದ ‘ಟವರ್’. ಯಾವುದನ್ನು ಆರಿಸಬೇಕು? ಒಂದು ಬೆಳೆಯ ಉಳಿತಾಯವೇ ಈ ನಿರ್ಣಯವನ್ನು ಅವಲಂಬಿಸಿರುವುದರಿಂದ ಅವಸರ ಸಲ್ಲದು.

ಚಿಕ್ಕದರ ಹುಟ್ಟು

ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದರಲ್ಲಿ ಸತ್ಯಾಂಶವೂ ಇಲ್ಲದಿಲ್ಲ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದ ತತ್ತ್ವವೇ ಇಂದಿನ ಬಹುತೇಕ ಸ್ಪೀಕರುಗಳಿಗೂ ಆಧಾರ: ವಿದ್ಯುತ್ತು ಹರಿಯುವ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗುತ್ತದೆ; ತನಗೆ ಅಂಟಿದ ಶಂಕುವನ್ನು ನೂಕುತ್ತದೆ; ಶಂಕು ಗಾಳಿಯನ್ನು ನೂಕುತ್ತದೆ. ಮಂದ್ರಸ್ವರ ಹೊಮ್ಮಲು ಹೆಚ್ಚು ಗಾಳಿ ಅಲುಗಬೇಕು. ಅದಕ್ಕೆ ದೊಡ್ಡ ಶಂಕು, ದೊಡ್ಡ ಪೆಟ್ಟಿಗೆ ಅನುಕೂಲ.

ಆದರೆ ಪುಟ್ಟ ಮಾನಿಟರ್ ಹುಟ್ಟಿದ್ದು ಬಡವರ ಟವರಾಗಿ ಅಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯ ಎಂಜಿನಿಯರುಗಳಿಗೆ, ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿನಲ್ಲಿ ಕುಳಿತು ಧ್ವನಿಯ ಗುಣದೋಷಗಳನ್ನು ಪರೀಕ್ಷಿಸಲು ಒಂದು ಸಾಧನ ಬೇಕಾಯಿತು. ಆಗ ಅವರು ರೂಪಿಸಿದ ‘ಎಲ್‌ಎಸ್ 3/5ಎ’ ಎಂಬ ಪೆಟ್ಟಿಗೆ ಕೇವಲ ಒಂದಡಿ ಎತ್ತರ, ಏಳೂವರೆ ಅಂಗುಲ ಅಗಲ. ಮನುಷ್ಯನ ಮಾತನ್ನು ಮಾತಿನಂತೆಯೇ ಕೇಳಿಸುವುದರಲ್ಲಿ ಅದು ಹೆಸರಾಯಿತು. ಸಂಗೀತಪ್ರಿಯರ ಮನೆಗಳನ್ನೂ ಹೊಕ್ಕಿತು.

ಕೋಣೆಯೂ ಒಂದು ವಾದ್ಯ

ಸ್ಪೀಕರನ್ನು ಆರಿಸುವಾಗ ನಾವು ಮರೆಯುವುದು ನಮ್ಮ ಕೋಣೆಯನ್ನೇ. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 47 ಮತ್ತು 56 ಕಂಪನಗಳ ಮಂದ್ರಸ್ವರಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಊದಿಕೊಳ್ಳುತ್ತವೆ. ಟವರಿನ ಹೆಗ್ಗಳಿಕೆಯೇ ಅಂಥ ಸ್ವರಗಳನ್ನು ಹೊಮ್ಮಿಸುವುದು! ಪರಿಣಾಮವಾಗಿ ಹಾಡಿನ ಮೇಲೆಲ್ಲ ಗುಂಯ್‌ಗುಡುವ ಮಬ್ಬು ಕವಿದು, ಸಾಹಿತ್ಯವೇ ತಿಳಿಯದಂತಾಗುತ್ತದೆ. ಇದರಲ್ಲಿ ದೋಷ ಸ್ಪೀಕರಿನದಲ್ಲ, ಜೋಡಿಯದು.

ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಜಾಗದಲ್ಲಿ ಈಗ ಕಾಂಕ್ರೀಟಿನ ತಾರಸಿ, ಟೈಲ್ಸಿನ ನೆಲದ ಮನೆಗಳು ಎದ್ದಿವೆ. ಮಾಗಳದ ಸೂರ್ಯನಾರಾಯಣ ದೇವಾಲಯದಂಥ ಕಲ್ಲಿನ ಮಂಟಪದಲ್ಲಿ ಗಟ್ಟಿಯಾಗಿ ಮಾತಾಡಿದವರಿಗೆ, ಬರಿಯ ಗಟ್ಟಿಗೋಡೆ ದನಿಯನ್ನು ಹೇಗೆ ಹಿಂದಿರುಗಿಸುತ್ತದೆಂದು ಗೊತ್ತಿರುತ್ತದೆ. ಇದಕ್ಕೆ ಮದ್ದು ಮನೆಯಲ್ಲಿಯೇ ಉಂಟು. ನೆಲಕ್ಕೆ ದಪ್ಪನೆಯ ಕಂಬಳಿ ಹಾಸಿ, ಹಿಂಗೋಡೆಗೆ ಒಂದೆರಡು ಕೌದಿಗಳನ್ನು ತೂಗುಹಾಕಿದರೆ ತಾರಕದ ಕರ್ಕಶತೆ ಬಹುಮಟ್ಟಿಗೆ ತಗ್ಗುತ್ತದೆ. ಮಂದ್ರದ ಊತವನ್ನು ಮಾತ್ರ ಕೌದಿ ಹೀರಲಾರದು. ಅದಕ್ಕೆ ಸ್ಪೀಕರನ್ನು ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕೆ ಎಳೆಯಬೇಕು, ಮೂಲೆಗೆ ತಳ್ಳಕೂಡದು. ಸಣ್ಣ ಕೋಣೆಯಲ್ಲಿ ಇಷ್ಟು ಜಾಗ ಬಿಡುವುದು ಪುಟ್ಟ ಪೆಟ್ಟಿಗೆಗೆ ಸುಲಭ.

ಕೇಳುವುದು ಏನನ್ನು?

ಹೊಳೆಯಾಚೆಯ ಗದಗಿನ ಪುಟ್ಟರಾಜ ಗವಾಯಿಗಳು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು — ಈ ಸೀಮೆಯ ಕಿವಿ ಪಳಗಿರುವುದು ಕಂಠಸಂಗೀತದಲ್ಲಿ. ಗಾಯಕನೊಬ್ಬ ಕರಿ ಒಂದರ ಶ್ರುತಿಯಲ್ಲಿ ಹಾಡಿದರೆ ತಂಬೂರಿಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಬಾರಿ ಕಂಪಿಸುತ್ತದೆ. ಗಾಯಕಿಯರ ಶ್ರುತಿ ಸಾಮಾನ್ಯವಾಗಿ ಇನ್ನೂ ಮೇಲಿನದು. ಅದಕ್ಕಿಂತ ಕೆಳಗೆ ಅಂಥ ಸಂಗೀತದಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ಒಳ್ಳೆಯ ಮಾನಿಟರ್ ಅಲ್ಲಿಯವರೆಗೆ ಇಳಿಯಬಲ್ಲುದು. ವಚನ, ರಂಗಗೀತೆ, ಭಜನೆ, ಹಳೆಯ ಚಿತ್ರಗೀತೆಗಳಿಗೂ ಇದೇ ಮಾತು.

ಡೊಳ್ಳಿನ ಅಬ್ಬರವನ್ನೋ ಇಂದಿನ ಚಿತ್ರಗೀತೆಗಳ ವಿದ್ಯುನ್ಮಾನ ವಾದ್ಯಗಳನ್ನೋ ಎದೆಗೆ ತಾಕುವಂತೆ ಕೇಳಬೇಕೆಂಬ ತರುಣರಿಗೆ, ಅಗಲವಾದ ಪಡಸಾಲೆಯಿದ್ದು ಹತ್ತು ಹದಿನೈದು ಮಂದಿ ಒಟ್ಟಿಗೆ ಕೇಳುವ ಮನೆಯವರಿಗೆ ಟವರೇ ತಕ್ಕದ್ದು. ಅದಕ್ಕೆ ಇನ್ನೊಂದು ಅನುಕೂಲವೂ ಉಂಟು. ಅಷ್ಟೇ ವಿದ್ಯುತ್ತಿಗೆ ದೊಡ್ಡ ಪೆಟ್ಟಿಗೆ ಸಾಮಾನ್ಯವಾಗಿ ಹೆಚ್ಚು ದನಿ ಕೊಡುತ್ತದೆ. 82 ಡೆಸಿಬೆಲ್ ಸಾಮರ್ಥ್ಯದ ಪುಟ್ಟದು 90 ಡೆಸಿಬೆಲಿನ ಟವರಿಗೆ ಸಮನಾಗಿ ಹಾಡಬೇಕಾದರೆ ಆರು ಪಟ್ಟಿಗೂ ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕು.

ಕಿವಿಯ ಎತ್ತರ

ಅಂಗಡಿಯವರು ಹೇಳದ ಸಂಗತಿಯೊಂದುಂಟು. ತಾರಸ್ವರಗಳನ್ನು ನುಡಿಸುವ ಕಿರುಶಂಕು ಕೇಳುಗನ ಕಿವಿಯ ಮಟ್ಟದಲ್ಲಿರಬೇಕು. ಟವರಿನಲ್ಲಿ ಅದನ್ನು ಕುರ್ಚಿಯ ಮೇಲೆ ಕೂತವನ ಕಿವಿಗೆ ಹೊಂದಿಸಿರುತ್ತಾರೆ. ಅಂದರೆ ಸುಮಾರು ಮೂರಡಿ ಎತ್ತರ. ನಮ್ಮ ಮನೆಗಳಲ್ಲಾದರೋ ಹಿರಿಯರು ಚಾಪೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂರುತ್ತಾರೆ. ಅವರ ಕಿವಿ ಎರಡೂವರೆ ಅಡಿಗಿಂತ ಕೆಳಗೆ. ಹಾಡು ಅವರ ತಲೆಯ ಮೇಲೆಯೇ ಹಾದುಹೋಗುತ್ತದೆ! ಪುಟ್ಟ ಪೆಟ್ಟಿಗೆಯನ್ನು ಗಟ್ಟಿಯಾದ ಸ್ಟೂಲಿನ ಮೇಲೆ ಬೇಕಾದ ಮಟ್ಟದಲ್ಲಿ ಇಡಬಹುದು. ನೆಲ ಒರೆಸುವ ನೀರು, ಗೆದ್ದಲು, ಹಿಡಿದೆಳೆಯುವ ಮಕ್ಕಳು — ಈ ಮೂರರಿಂದಲೂ ಅದು ಹೆಚ್ಚು ಸುರಕ್ಷಿತ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ ನೀರು ಕುಡಿದರೆ ಉಬ್ಬಿಹೋಗುತ್ತದೆಂಬುದನ್ನು ಮರೆಯಬಾರದು. ಹಣದ ಲೆಕ್ಕವೂ ಇದೇ ದಾರಿಯದು: ಒಂದೇ ಬೆಲೆಯ ಎರಡರಲ್ಲಿ, ಟವರಿನ ಹಣದ ಹೆಚ್ಚಿನ ಪಾಲು ಹಲಗೆಗೆ ಹೋಗುತ್ತದೆ.

ಅಂಗಡಿಯಲ್ಲಿ

ತುಸು ಹೆಚ್ಚು ಗಟ್ಟಿಯಾಗಿ ಕೇಳಿಸಿದ್ದೇ ನಮಗೆ ಹೆಚ್ಚು ಸೊಗಸಾಗಿಯೂ ತೋರುತ್ತದೆ. ಆದ್ದರಿಂದ ಎರಡನ್ನೂ ಸಮನಾದ, ತಗ್ಗಿದ ದನಿಯಲ್ಲಿ ಹಾಡಿಸಿ ನೋಡಬೇಕು. ಇದೇ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಜನಸಾಗರ ಮೌನ ತಾಳುತ್ತದೆ. ಒಂದೇ ಒಂದು ವಾಕ್ಯವನ್ನು ಕೇಳಲು ಅಷ್ಟು ನಿಶ್ಶಬ್ದ! ಕೇಳುವ ಬಗೆಯನ್ನು ಈ ಸೀಮೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಒಯ್ಯಿರಿ. ಕೋಣೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ದು, ಕಣ್ಣು ಮುಚ್ಚಿ ಕೇಳುವಂತೆ ಹೇಳಿ. ಹಾಡಿನ ಮಾತು ಅವರಿಗೆ ಯಾವುದರಲ್ಲಿ ಸ್ಪಷ್ಟವಾಗಿ ತಿಳಿಯಿತೋ ಅದನ್ನೇ, ಗಾತ್ರವನ್ನು ನೋಡದೆ, ಮನೆಗೆ ತನ್ನಿರಿ.