ಗಣಕಯಂತ್ರದ ಮುಂದೆ ದಣಿಯುವ ಕಣ್ಣುಗಳು

ಬ್ಯಾಂಕು, ವಿಮಾ ಕಚೇರಿ, ರೈಲ್ವೆ, ಖಾಸಗಿ ಕಂಪನಿಗಳಲ್ಲಿ ದುಡಿಯುತ್ತಿರುವ ಮುಂಬಯಿ ಕನ್ನಡಿಗರಾದ ನಾವು ಇಂದು ದಿನಕ್ಕೆ ಎಂಟು-ಹತ್ತು ಗಂಟೆಗಳ ಕಾಲ ಒಂದಲ್ಲ ಒಂದು ಪರದೆಯನ್ನು ದಿಟ್ಟಿಸುತ್ತಿದ್ದೇವೆ. ಸಂಜೆಯಾಗುತ್ತಲೇ ಕಣ್ಣುರಿ, ಕಣ್ಣಿನಲ್ಲಿ ಮರಳು ಬಿದ್ದಂತಹ ಅನುಭವ, ಅಕ್ಷರಗಳು ಮಂಜಾಗುವುದು, ಹಣೆ ಹಾಗೂ ಕತ್ತಿನ ನೋವು - ಇವು ನಮ್ಮಲ್ಲಿ ಹಲವರಿಗೆ ಪರಿಚಿತ ತೊಂದರೆಗಳು. ನೇತ್ರತಜ್ಞರು ಇವೆಲ್ಲವನ್ನೂ ಸೇರಿಸಿ 'ಕಂಪ್ಯೂಟರ್ ವಿಷನ್ ಸಿಂಡ್ರೋಮ್' ಎಂದು ಕರೆಯುತ್ತಾರೆ. ಪರದೆಯನ್ನು ನೋಡುವುದರಿಂದ ವಯಸ್ಕರ ದೃಷ್ಟಿ ಶಾಶ್ವತವಾಗಿ ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂಬುದು ಸಮಾಧಾನದ ಸಂಗತಿ. ಆದರೂ ನಿವೃತ್ತಿಗೆ ಇನ್ನು ನಾಲ್ಕಾರು ವರ್ಷಗಳಿರುವ ನಮ್ಮಂತಹವರಿಗೆ, ಮಕ್ಕಳ ವಿದ್ಯಾಭ್ಯಾಸ, ಮನೆಸಾಲದ ಕಂತು ಬಾಕಿಯಿರುವಾಗ, ಕಣ್ಣೇ ಕೈಕೊಟ್ಟರೆ ಗತಿಯೇನು ಎಂಬ ಅಳುಕು ಸಹಜವಾದುದು.

ಲೆಡ್ಜರ್ ಕಾಲದಲ್ಲಿ ಕಣ್ಣಿಗೆ ದುಡಿಮೆ ಕಡಿಮೆಯಿತ್ತೆಂದಲ್ಲ. ಆದರೆ ಆ ದುಡಿಮೆಯ ನಡುವೆ ಅರಿವಿಲ್ಲದೆಯೇ ವಿರಾಮ ದೊರೆಯುತ್ತಿತ್ತು. ಲೆಡ್ಜರ್ ತರಲು ಕಪಾಟಿನವರೆಗೆ ಎದ್ದು ಹೋಗಬೇಕು, ಪುಟ ಮಗುಚಬೇಕು, ವೋಚರ್ ಹಿಡಿದು ಅಧಿಕಾರಿಗಳ ಮೇಜಿಗೆ ನಡೆಯಬೇಕು. ದೃಷ್ಟಿ ಹತ್ತಿರ-ದೂರಗಳ ನಡುವೆ ಓಡಾಡುತ್ತಲೇ ಇರುತ್ತಿತ್ತು. ಕೋರ್ ಬ್ಯಾಂಕಿಂಗ್ ಬಂದ ಬಳಿಕ ಇವೆಲ್ಲವೂ ಕುರ್ಚಿಯಲ್ಲಿ ಕುಳಿತಲ್ಲೇ ಮುಗಿಯುತ್ತವೆ. ಚೆಕ್ಕಿನ ಬದಲು ಅದರ ಚಿತ್ರವನ್ನೇ ಕಳುಹಿಸುವ ತೀರುವೆ ವ್ಯವಸ್ಥೆ ದೆಹಲಿಯಲ್ಲಿ 2008ರಲ್ಲಿ, ಚೆನ್ನೈಯಲ್ಲಿ 2011ರಲ್ಲಿ, ನಮ್ಮ ಮುಂಬಯಿಯಲ್ಲಿ 2013ರಲ್ಲಿ ಜಾರಿಗೆ ಬಂದಿತು. ಹಿಂದೆ ಚೆಕ್ಕನ್ನು ಬೆಳಕಿಗೆ ಹಿಡಿದು ಸಹಿ ತಾಳೆ ನೋಡುತ್ತಿದ್ದವರು ಈಗ ಪರದೆಯ ಮೇಲಿನ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕಾಗಿದೆ.

ಕಣ್ಣು ದಣಿಯುವುದೇಕೆ? ಕಣ್ಣಿನೊಳಗಿನ ಮಸೂರದ ಸುತ್ತ ಸೀಲಿಯರಿ ಎಂಬ ಪುಟ್ಟ ಸ್ನಾಯುವಿದೆ. ದೂರದ ವಸ್ತುವನ್ನು ನೋಡುವಾಗ ಅದು ಸಡಿಲವಾಗಿರುತ್ತದೆ; ಹತ್ತಿರದ್ದನ್ನು ನೋಡುವಾಗ ಬಿಗಿದುಕೊಂಡು ಮಸೂರವನ್ನು ಉಬ್ಬಿಸುತ್ತದೆ. ಅರವತ್ತು ಸೆಂಟಿಮೀಟರ್ ದೂರದ ಪರದೆಯನ್ನು ನೋಡಲು ಬೇಕಾಗುವ ಶ್ರಮಕ್ಕಿಂತ ಮೂವತ್ತು ಸೆಂಟಿಮೀಟರ್ ದೂರದ ಮೊಬೈಲನ್ನು ನೋಡಲು ಇಮ್ಮಡಿ ಶ್ರಮ ಬೇಕು. ಗಂಟೆಗಟ್ಟಲೆ ಮುಷ್ಟಿ ಬಿಗಿಹಿಡಿದರೆ ಕೈ ನೋಯುವಂತೆಯೇ ಈ ಸ್ನಾಯುವೂ ಬಳಲುತ್ತದೆ.

ಇದಕ್ಕಿಂತ ಹೆಚ್ಚಿನ ಉಪದ್ರವ ಕಣ್ಣು ಒಣಗುವುದರಿಂದ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೂ ಕೆಳಗಿಳಿಯುತ್ತದೆ. ಅನೇಕ ಸಲ ರೆಪ್ಪೆ ಪೂರ್ತಿ ಮುಚ್ಚುವುದೂ ಇಲ್ಲ. ಪ್ರತಿಯೊಂದು ಬಡಿತವೂ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಪದರವನ್ನು ಹೊಸದಾಗಿ ಹರಡುತ್ತದೆ. ನೀರು ಬೇಗ ಆರಿಹೋಗದಂತೆ ರೆಪ್ಪೆಯಂಚಿನ ಗ್ರಂಥಿಗಳು ಅದರ ಮೇಲೆ ಎಣ್ಣೆಯ ಲೇಪವನ್ನು ಹೊದಿಸುತ್ತವೆ. ಬಡಿತ ಕಡಿಮೆಯಾದಾಗ ಈ ಪದರ ಅಲ್ಲಲ್ಲಿ ಹರಿದು ಉರಿ ಆರಂಭವಾಗುತ್ತದೆ. ಆ ಉರಿಗೆ ಪ್ರತಿಯಾಗಿ ಕಣ್ಣಿನಿಂದ ನೀರು ಸುರಿಯುವುದೂ ಉಂಟು. ನೀರು ಸುರಿಯುತ್ತಿರುವ ಕಣ್ಣನ್ನು ವೈದ್ಯರು ಒಣಗಣ್ಣು ಎಂದಾಗ ಅಚ್ಚರಿಯಾಗುವುದು ಇದಕ್ಕೇ. ಹವಾನಿಯಂತ್ರಕದ ಗಾಳಿ ನೇರವಾಗಿ ಮುಖಕ್ಕೆ ಬೀಸುವ ಆಸನವಂತೂ ಕಣ್ಣಿಗೆ ಶತ್ರುವೇ ಸರಿ. ಮೇಲಧಿಕಾರಿಗಳಲ್ಲಿ ವಿನಂತಿಸಿ ಆಸನವನ್ನಾದರೂ ಗಾಳಿಯ ದಿಕ್ಕನ್ನಾದರೂ ಬದಲಾಯಿಸಿಕೊಳ್ಳುವುದು ಲೇಸು.

ನಲವತ್ತು ದಾಟಿದವರ ಸಮಸ್ಯೆ ಬೇರೆಯೇ ಆಗಿದೆ. ವಯಸ್ಸಾದಂತೆ ಮಸೂರ ಗಡುಸಾಗಿ, ಹತ್ತಿರದ್ದನ್ನು ನೋಡುವ ಶಕ್ತಿ ಕುಂದುತ್ತದೆ. ನಮ್ಮ ಹಿರಿಯರು ಇದನ್ನು 'ಚಾಳೀಸು' ಎಂದರು. ನೆರೆಯ ಮರಾಠಿ ಬಾಂಧವರೂ 'ಚಾಳಿಶಿ' ಎಂದೇ ಹೇಳುತ್ತಾರೆ. ಇದಕ್ಕಾಗಿ ನಾವು ಧರಿಸುವ ಬೈಫೋಕಲ್ ಕನ್ನಡಕದ ಮೇಲ್ಭಾಗ ದೂರಕ್ಕೆ, ಕೆಳಭಾಗ ಕೈಯಲ್ಲಿ ಹಿಡಿದ ಪತ್ರಿಕೆಯನ್ನು ಓದುವುದಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್ ಅಂತರಕ್ಕೆ. ಗಣಕಯಂತ್ರದ ಪರದೆಯಾದರೋ ಎದುರಿಗೆ, 50ರಿಂದ 70 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದು ಮೇಲ್ಭಾಗಕ್ಕೂ ದಕ್ಕದು, ಕೆಳಭಾಗಕ್ಕೂ ದಕ್ಕದು. ಆಗ ನಾವು ಗಲ್ಲವನ್ನು ಮೇಲೆತ್ತಿ, ಕತ್ತನ್ನು ಮುಂದೆ ಚಾಚಿ, ಕೆಳಭಾಗದ ಮಸೂರದಿಂದ ಪರದೆಯನ್ನು ಇಣುಕಿ ನೋಡುತ್ತೇವೆ. ಕತ್ತುನೋವೆಂದು ಮೂಳೆ ವೈದ್ಯರ ಬಳಿ ಓಡುವವರಲ್ಲಿ ಕೆಲವರ ರೋಗದ ಮೂಲ ಮೂಗಿನ ಮೇಲೆಯೇ ಇರುತ್ತದೆ! ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಕಣ್ಣು ಪೂರ್ತಿ ಹೋಯಿತೆಂದೇ ಭಾವಿಸಿ ಸ್ವಯಂನಿವೃತ್ತಿಯ ಅರ್ಜಿಯನ್ನು ಬರೆದಿಟ್ಟಿದ್ದರು. ಪರೀಕ್ಷೆ ಮಾಡಿಸಿದಾಗ ಕಂಡುಬಂದುದು ಇಷ್ಟೇ: ಪರದೆಯ ಅಂತರಕ್ಕೆ ಹೊಂದುವ ಕನ್ನಡಕ ಅವರ ಬಳಿ ಇರಲಿಲ್ಲ. ಪರದೆಯ ದೂರಕ್ಕೆಂದೇ ಇಡೀ ಮಸೂರವನ್ನು ಒಂದೇ ಶಕ್ತಿಯಲ್ಲಿ ಮಾಡಿಸಿದ ಸಾದಾ ಕನ್ನಡಕವನ್ನು ಕಚೇರಿಯ ಡ್ರಾಯರಿನಲ್ಲಿಟ್ಟುಕೊಂಡು ಅವರು ಇಂದಿಗೂ ಸೇವೆಯಲ್ಲಿದ್ದಾರೆ. ದುಬಾರಿ ಪ್ರೋಗ್ರೆಸಿವ್ ಮಸೂರಕ್ಕಿಂತ ಇದು ಅಗ್ಗವೂ ಹೌದು, ಕುಳಿತು ಮಾಡುವ ಕೆಲಸಕ್ಕೆ ಅನುಕೂಲವೂ ಹೌದು ಎಂಬುದು ನಮ್ಮ ಅಭಿಮತ. ಅದನ್ನು ಧರಿಸಿ ರಸ್ತೆ ದಾಟಬಾರದು, ಅಷ್ಟೇ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಕೆಳನೋಟದಲ್ಲಿ ರೆಪ್ಪೆಗಳು ಕಣ್ಣನ್ನು ಹೆಚ್ಚು ಮುಚ್ಚಿರುವುದರಿಂದ ಕಣ್ಣೀರು ಆರುವುದು ಕಡಿಮೆ. ಕಿಟಕಿ ಬೆನ್ನ ಹಿಂದೆಯೂ ಬೇಡ, ಪರದೆಯ ಹಿಂದೆಯೂ ಬೇಡ, ಪಕ್ಕದಲ್ಲಿರಲಿ. ಪರದೆಯ ಹೊಳಪು ಕೋಣೆಯ ಬೆಳಕಿಗೆ ಸಮನಾಗಿರಬೇಕು. ದೀಪವಾರಿಸಿದ ಕತ್ತಲೆಯಲ್ಲಿ ಮೊಬೈಲ್ ನೋಡುವ ಅಭ್ಯಾಸ ಸಲ್ಲದು. ಅಕ್ಷರಗಳ ಗಾತ್ರವನ್ನು ದೊಡ್ಡದು ಮಾಡಿಕೊಳ್ಳಲು ಸಂಕೋಚವೇಕೆ?

ವಿರಾಮದ ವಿಷಯದಲ್ಲಿ ಅಮೆರಿಕದ ದೃಷ್ಟಿತಜ್ಞ ಜೆಫ್ರಿ ಆನ್ಶೆಲ್ ಅವರು ರೂಢಿಗೆ ತಂದ '20-20-20' ಸೂತ್ರ ನೆನಪಿಡಲು ಸುಲಭ. ಪ್ರತಿ 20 ನಿಮಿಷಗಳಿಗೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡುಗಳ ಕಾಲ ನೋಡುವುದು. ಇಪ್ಪತ್ತು ಅಡಿಯಾಚೆಗೆ ಸೀಲಿಯರಿ ಸ್ನಾಯು ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಗ್ರಾಹಕರ ಸಾಲು ಮುಂದಿರುವಾಗ ಗಡಿಯಾರ ನೋಡಿ ಇದನ್ನು ಪಾಲಿಸುವುದು ಅಸಾಧ್ಯವೇ. ಬದಲಾಗಿ, ಪ್ರತಿ ಗ್ರಾಹಕರ ಕೆಲಸ ಮುಗಿದೊಡನೆ ಶಾಖೆಯ ಬಾಗಿಲಾಚೆಗೆ ಒಮ್ಮೆ ದೃಷ್ಟಿ ಹರಿಸಿ ನಾಲ್ಕು ಬಾರಿ ರೆಪ್ಪೆಯನ್ನು ಪೂರ್ತಿಯಾಗಿ ಮುಚ್ಚಿ ತೆರೆದರೆ ಸಾಕು. ದಿನವಿಡೀ ದುಡಿದ ಕಣ್ಣಿಗೆ ನಿಜವಾದ ವಿಶ್ರಾಂತಿ ದೊರೆಯಬಹುದಾದ ಸಮಯವೆಂದರೆ ನಮ್ಮ ಲೋಕಲ್ ರೈಲಿನ ಪ್ರಯಾಣ. ಅದನ್ನೂ ನಾವು ಕುಲುಕುವ ಬೋಗಿಯಲ್ಲಿ, ಜನಸಂದಣಿಯಲ್ಲಿ ಮುಖಕ್ಕೆ ಒಂದು ಗೇಣು ಹತ್ತಿರ ಹಿಡಿದ ಮೊಬೈಲಿಗೆ ಒಪ್ಪಿಸಿಬಿಟ್ಟಿದ್ದೇವೆ. ವಿರಾರ್‌ಗೆ ಹೋಗುವವರು ವಸಾಯಿ ಖಾಡಿಯನ್ನು ದಾಟುವಾಗಲಾದರೂ ಹೊರಗೆ ನೋಡಬಾರದೇ?

ನೀಲಿ ಬೆಳಕನ್ನು ತಡೆಯುವ ಮಸೂರಗಳ ಬಗ್ಗೆ ಅಂಗಡಿಗಳಲ್ಲಿ ಬಹಳವಾಗಿ ಹೇಳುತ್ತಾರೆ. 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ಸಮೀಕ್ಷೆಯು, ಸಾಧಾರಣ ಮಸೂರಗಳಿಗೆ ಹೋಲಿಸಿದಾಗ ಇವುಗಳಿಂದ ಕಣ್ಣಿನ ದಣಿವು ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವವಿಲ್ಲವೆಂದು ತಿಳಿಸಿದೆ. ಆ ಹಣವನ್ನು ಸರಿಯಾದ ಅಂತರದ ಕನ್ನಡಕಕ್ಕೆ ವ್ಯಯಿಸುವುದು ಜಾಣತನ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅತ್ಯಗತ್ಯ. ಕೃತಕ ಕಣ್ಣೀರಿನ ಹನಿಗಳಿಂದ ಅಪಾಯ ಕಡಿಮೆ. ಆದರೆ ಸ್ಟಿರಾಯ್ಡ್ ಬೆರೆತ ಹನಿಗಳು ಕ್ಷಣದಲ್ಲಿ ಕೆಂಪು-ಉರಿಗಳನ್ನು ಶಮನಗೊಳಿಸಿ ಹಿತವೆನಿಸಿದರೂ, ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಬಳಸಿದಲ್ಲಿ ಕಣ್ಣಿನೊಳಗಿನ ಒತ್ತಡವನ್ನು ಏರಿಸಿ ಗ್ಲಾಕೋಮಾಕ್ಕೂ, ಪೊರೆಗೂ ಕಾರಣವಾಗಬಲ್ಲವು. ಪರದೆ ಮಾಡದ ಹಾನಿಯನ್ನು ಈ ಹನಿ ಮಾಡುತ್ತದೆ. ಜೇನು, ಗುಲಾಬಿ ನೀರು, ಹರಳೆಣ್ಣೆಗಳನ್ನು ಕಣ್ಣಿಗೆ ಬಿಡುವ ಮನೆಮದ್ದನ್ನೂ ತಜ್ಞರು ಒಪ್ಪುವುದಿಲ್ಲ, ಹರಳೆಣ್ಣೆ ನೆತ್ತಿಗಿರಲಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ, ಹಿತವಾದ ಬಿಸಿಯಿರುವ ಶುಚಿಯಾದ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ನಿಮಿಷ ಇರಿಸಿಕೊಂಡರೆ ಎಣ್ಣೆಗ್ರಂಥಿಗಳು ಸಡಿಲಗೊಂಡು ಉಪಶಮನ ದೊರೆಯುತ್ತದೆ.

ದಣಿವೆಂದು ಅಲಕ್ಷಿಸಬಾರದ ಲಕ್ಷಣಗಳೂ ಇವೆ. ಹಠಾತ್ತನೆ ಮಿಂಚು ಕಾಣಿಸುವುದು, ದೃಷ್ಟಿಗೆ ತೆರೆ ಇಳಿದಂತಾಗುವುದು, ದೀಪದ ಸುತ್ತ ಬಣ್ಣದ ಬಳೆಯೊಂದಿಗೆ ತೀವ್ರ ಕಣ್ಣುನೋವು ಮತ್ತು ವಾಂತಿ - ಇವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗ್ಲಾಕೋಮಾ ಬಹುತೇಕ ಯಾವ ಸುಳಿವನ್ನೂ ಕೊಡದೆ ಬರುವುದರಿಂದ ನಲವತ್ತರ ನಂತರ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆಯನ್ನು, ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆಯನ್ನು ಮಾಡಿಸುವುದು ಆವಶ್ಯಕ. ಕನ್ನಡಕದ ಅಂಗಡಿಯ ಉಚಿತ ತಪಾಸಣೆ ಸಾಮಾನ್ಯವಾಗಿ ಕನ್ನಡಕದ ನಂಬರಿಗಷ್ಟೇ ಸೀಮಿತ. ಪರೀಕ್ಷೆಗೆ ಹೋಗುವ ಮುನ್ನಾದಿನ ಕಚೇರಿಯಲ್ಲಿ ಎಂದಿನಂತೆ ಕುಳಿತು, ಕಣ್ಣಿನಿಂದ ಪರದೆಗಿರುವ ಅಂತರವನ್ನು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಕನ್ನಡಕದ ಶಕ್ತಿಯನ್ನು ನಿರ್ಧರಿಸಲು ಅನುಕೂಲವಾಗುತ್ತದೆ.