ಮೋಟಾರು ಪಂದ್ಯ: ಕೀರ್ತಿ ಯಾರಿಗೆ, ಹೊಣೆ ಯಾರದು?

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ ಸಾಯಗಾಂವ ಎಂಬ ಊರುಂಟು. ಅಂಥ ಊರುಗಳ ದಾರಿ ಹೇಗಿರುತ್ತದೆಂಬುದನ್ನು ವಾಚಕರು ಬಲ್ಲರು. ಸುಗ್ಗಿ ಬಂತೆಂದರೆ ದಾರಿಯ ಅರ್ಧ ರೈತನ ಕಣವಾಗುತ್ತದೆ. ಶಾಲೆಗೆ ಹೊರಟ ಮಕ್ಕಳು, ಮೇವಿನ ಗಾಡಿ, ದನಕರು, ಒಂದೇ ಮೋಟಾರ್ ಸೈಕಲಿನ ಮೇಲೆ ತಂದೆ ತಾಯಿ ಮಗ ಎಲ್ಲರೂ ಹಿಡಿಯುವುದು ಅದೊಂದೇ ದಾರಿಯನ್ನು. ಮೋಟಾರು ಪಂದ್ಯಕ್ಕೂ ಇಂಥ ಊರಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಪಂದ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿಂದೆ ಮದರಾಸಿನ ಬಳಿ ಶೋಲಾವರದ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದಂಥ ಓಟ, ಇಲ್ಲವೆ ಬೇಲಿ ಹಾಕಿದ ನುಣುಪಾದ ಪಥ. ಆದರೆ ರ‍್ಯಾಲಿ ಎಂಬ ಇನ್ನೊಂದು ಬಗೆಯ ಪಂದ್ಯವಿದೆ. ಅದು ಹುಡುಕಿಕೊಂಡು ಹೋಗುವುದೇ ಹಳ್ಳಿಯ ಅಂಕುಡೊಂಕಿನ ಮಣ್ಣುದಾರಿಯನ್ನು.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದು ಹೋಗಿ ಕೆಲವು ನಿಮಿಷಗಳಾದ ಮೇಲೆ ಮತ್ತೊಂದು ಹೊರಡುತ್ತದೆ. ಚಾಲಕನ ಪಕ್ಕದಲ್ಲಿ ಸಹಚಾಲಕನೊಬ್ಬ ಕುಳಿತು, ಮೊದಲೇ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ನೋಡಿ, ಮುಂದಿನ ತಿರುವು ಎಷ್ಟು ಕಡಿದು, ದಿಬ್ಬದಾಚೆ ದಾರಿ ಎತ್ತ ಹೊರಳುತ್ತದೆ ಎಂದು ಓದಿ ಹೇಳುತ್ತಿರುತ್ತಾನೆ. ಚಾಲಕ ಕಣ್ಣಿಗೆ ಕಾಣದ ತಿರುವಿಗೂ ಆ ಮಾತನ್ನು ನಂಬಿ ನುಗ್ಗುತ್ತಾನೆ. ಇಷ್ಟಕ್ಕೆಲ್ಲ ಆಧಾರ ಒಂದೇ: ಆ ಹೊತ್ತಿನಲ್ಲಿ ದಾರಿ ಸಾರ್ವಜನಿಕರಿಗೆ ಮುಚ್ಚಿರಬೇಕು. ಪಂದ್ಯದ ಕಾರುಗಳಿಗಿಂತ ಮುಂಚೆ ವ್ಯವಸ್ಥಾಪಕರ ಕಾರೊಂದು ಹೋಗಿ ದಾರಿ ತೆರವಾಗಿದೆಯೆಂದು ನೋಡಿಬರುತ್ತದೆ. ಅಡ್ಡದಾರಿ ಕೂಡುವಲ್ಲೆಲ್ಲ ಕಾವಲಿನವರು ನಿಲ್ಲುತ್ತಾರೆ. ಚಿಕ್ಕಮಗಳೂರಿನ ರ‍್ಯಾಲಿಗಳಂತೆ ಕಾಫಿ ತೋಟಗಳೊಳಗೆ ಪಂದ್ಯ ನಡೆದರೆ ಈ ಕೆಲಸ ಸುಲಭ; ತೋಟಕ್ಕೆ ಬೇಲಿಯಿದೆ, ಗೇಟಿದೆ, ಯಜಮಾನನಿದ್ದಾನೆ. ಬಯಲುಸೀಮೆಯ ಊರಿಗೆ ಗೇಟು ಎಲ್ಲಿಯದು? ಹೊಲದ ಬದುವೆಲ್ಲ ದಾರಿಯೇ.

2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ನಡೆದದ್ದು ಇದೇ. ಅಂದು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಒಂದು ಸುತ್ತು. ಕಾರು ನಡೆಸುತ್ತಿದ್ದವರು ಗೌರವ್ ಗಿಲ್. ಏಷ್ಯಾ ಪೆಸಿಫಿಕ್ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದವರು, ಹಿಂದಿನ ತಿಂಗಳಷ್ಟೇ ಅರ್ಜುನ ಪ್ರಶಸ್ತಿಗೆ ಆಯ್ಕೆಯಾಗಿದ್ದವರು. ಮೋಟಾರು ಕ್ರೀಡೆಗೆ ಆ ಗೌರವ ಸಂದದ್ದು ಅದೇ ಮೊದಲು. ಪಕ್ಕದಲ್ಲಿ ಟಿಪ್ಪಣಿ ಓದುತ್ತಿದ್ದವರು ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್, ಹಲವು ಸಲ ರಾಷ್ಟ್ರೀಯ ಪ್ರಶಸ್ತಿ ಪಡೆದ ಸಹಚಾಲಕರು. ಪಂದ್ಯದ ದಾರಿಯಲ್ಲಿ ಒಂದು ಮೋಟಾರ್ ಸೈಕಲು ಎದುರಾಯಿತು. ಅದರ ಮೇಲಿದ್ದವರು ಗಂಡ, ಹೆಂಡತಿ, ಮಗ. ಮೂವರೂ ಪ್ರಾಣ ಕಳೆದುಕೊಂಡರು. ಗಿಲ್ ಗಾಯಗೊಂಡು ಆಸ್ಪತ್ರೆ ಸೇರಿದರು. ಪಂದ್ಯ ರದ್ದಾಯಿತು, ಪೊಲೀಸರು ಚಾಲಕರ ಮೇಲೆಯೂ ವ್ಯವಸ್ಥಾಪಕರ ಮೇಲೆಯೂ ಮೊಕದ್ದಮೆ ದಾಖಲಿಸಿದರು.

ಮೋಟಾರ್ ಸೈಕಲಿನವರು ತಡೆಯನ್ನು ಲೆಕ್ಕಿಸದೆ ಒಳಗೆ ಬಂದರೆಂದು ವ್ಯವಸ್ಥಾಪಕರ ಕಡೆಯವರು ಹೇಳಿದರು. ದಾರಿಯನ್ನು ಸರಿಯಾಗಿ ಮುಚ್ಚಿಯೇ ಇರಲಿಲ್ಲವೆಂದು ಊರಿನವರು ಹೇಳಿದರು. ಸತ್ಯ ಯಾವ ಕಡೆಗೆ ಎಂದು ತೂಗುವುದು ನ್ಯಾಯಾಲಯದ ಕೆಲಸ, ಈ ಲೇಖನದ್ದಲ್ಲ. ನಮ್ಮ ಗಮನಕ್ಕೆ ಬರಬೇಕಾದದ್ದು ಬೇರೊಂದು. ಮರುದಿನದ ಪತ್ರಿಕೆಗಳ ತಲೆಬರಹದಲ್ಲಿ ಎದ್ದು ಕಂಡದ್ದು ಚಾಂಪಿಯನ್ನನ ಹೆಸರು. ಅಡ್ಡದಾರಿಯ ಬಾಯಲ್ಲಿ ನಿಲ್ಲಬೇಕಾಗಿದ್ದವನು ಯಾರು, ದಾರಿ ತೆರವಾಗಿದೆಯೆಂದು ಒಪ್ಪಿಗೆ ಕೊಟ್ಟವನು ಯಾರು, ಊರಿಗೆ ಮುಂಚಿತವಾಗಿ ಡಂಗುರ ಸಾರಿಸಿದ್ದರೆ ಇಲ್ಲವೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಸ್ಥಳ ಸಿಗಲಿಲ್ಲ. ಹೆಸರುಳ್ಳವನಿಗೆ ಕೀರ್ತಿ ಬರುವಾಗ ತನ್ನ ಪಾಲಿಗಿಂತ ಹೆಚ್ಚು ಬರುತ್ತದೆ, ಅಪವಾದ ಬರುವಾಗಲೂ ಹಾಗೆಯೇ. ಹೆಸರಿಲ್ಲದವನು ಎರಡರಿಂದಲೂ ತಪ್ಪಿಸಿಕೊಳ್ಳುತ್ತಾನೆ. ಮೂರು ಜೀವ ಹೋದಾಗ ಈ ಲೆಕ್ಕ ನ್ಯಾಯವೆನಿಸದು.

ಇಂಥದೇ ಪ್ರಶ್ನೆ ಮೋಟಾರು ಲೋಕವನ್ನು ಅತಿ ಭೀಕರವಾಗಿ ಕಾಡಿದ್ದು 1955ರ ಜೂನ್ 11ರಂದು, ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ. ಅಲ್ಲಿಯದು 24 ಗಂಟೆಗಳ ಓಟ. ಆಂಗ್ಲ ಚಾಲಕ ಮೈಕ್ ಹಾಥಾರ್ನ್ ತನ್ನ ಜಾಗ್ವಾರ್ ಕಾರನ್ನು ಇಂಧನಕ್ಕಾಗಿ ನಿಲ್ದಾಣದ ಕಡೆಗೆ ತಿರುಗಿಸಿ ಬ್ರೇಕು ಹಾಕಿದ. ಹಿಂದೆ ಬರುತ್ತಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಅವನನ್ನು ತಪ್ಪಿಸಲು ಎಡಕ್ಕೆ ಸರಿದ. ಅವನ ಹಿಂದೆ ಮಹಾವೇಗದಿಂದ ಬರುತ್ತಿದ್ದ ಪಿಯೇರ್ ಲೆವೆ ಎಂಬ ಫ್ರೆಂಚ್ ಚಾಲಕನ ಮರ್ಸಿಡಿಸ್ ಕಾರು ಮ್ಯಾಕ್ಲಿನ್ನನ ಕಾರಿನ ಮೇಲೇರಿ ಹಾರಿ, ದಿಣ್ಣೆಗೆ ಬಡಿದು ಒಡೆದು, ಅದರ ಚೂರುಗಳು ಪ್ರೇಕ್ಷಕರ ಮೇಲೆ ಎರಗಿದವು. ಲೆವೆಯೂ ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಓಟ ಮಾತ್ರ ನಿಲ್ಲಲಿಲ್ಲ. ಜನ ಒಮ್ಮೆಲೇ ಹೊರಟರೆ ಆಂಬುಲೆನ್ಸುಗಳಿಗೆ ದಾರಿಯಿರದೆಂಬುದು ಅದಕ್ಕೆ ಕೊಟ್ಟ ಕಾರಣ. ಗೆದ್ದವನು ಹಾಥಾರ್ನ್. ಗೆದ್ದವನ ನಗುಮುಖದ ಭಾವಚಿತ್ರವನ್ನು ಫ್ರೆಂಚ್ ಪತ್ರಿಕೆಯೊಂದು ಕಹಿಮಾತಿನೊಡನೆ ಅಚ್ಚುಹಾಕಿತು.

ವಿಚಾರಣೆ ನಡೆಯಿತು. ಯಾವ ಚಾಲಕನ ಮೇಲೂ ದೋಷ ಹೊರಿಸಲಿಲ್ಲ. ಕಾರುಗಳ ವೇಗ ಬೆಳೆದಷ್ಟು ಪಥ ಬೆಳೆದಿರಲಿಲ್ಲವೆಂಬ ತೀರ್ಮಾನವಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಗದದ ಮೇಲೆ ಮುಗಿದದ್ದು ಮನಸ್ಸಿನಲ್ಲಿ ಮುಗಿಯುವುದಿಲ್ಲ. ಮ್ಯಾಕ್ಲಿನ್ ಮುಂದೆ ಹೇಳಿಕೊಂಡಂತೆ, ಅಪಘಾತವಾದ ಸ್ವಲ್ಪ ಹೊತ್ತಿಗೆ ಹಾಥಾರ್ನ್ ಕಂಗೆಟ್ಟು ಅವನ ಬಳಿಗೆ ಬಂದು, ಎಲ್ಲವೂ ತನ್ನದೇ ತಪ್ಪೆಂದು ಕ್ಷಮೆ ಬೇಡಿದ್ದನಂತೆ. ಆದರೆ 1958ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅದೇ ಹಾಥಾರ್ನ್ ತನ್ನಲ್ಲಿ ತಪ್ಪಿಲ್ಲವೆಂದು ಬರೆದ. ತಪ್ಪು ಯಾರದೆಂದು ಹೇಳಲಿಲ್ಲ. ಹಾಥಾರ್ನನದಲ್ಲ, ಲೆವೆ ಸತ್ತಿದ್ದಾನೆ. ಉಳಿದವನು ತಾನೊಬ್ಬನೇ ಎಂದು ಲೆಕ್ಕ ಹಾಕಿದ ಮ್ಯಾಕ್ಲಿನ್ ಮಾನನಷ್ಟದ ದಾವೆ ಹೂಡಿದ. ದಾವೆ ತೀರ್ಮಾನವಾಗುವುದಕ್ಕೆ ಮುಂಚೆಯೇ, 1959ರ ಜನವರಿ 22ರಂದು, ಹಾಥಾರ್ನ್ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಬಳಿ ರಸ್ತೆಯ ಅಪಘಾತದಲ್ಲಿ ಸತ್ತ. ಪಂದ್ಯದಲ್ಲಲ್ಲ, ಸಾಮಾನ್ಯ ರಸ್ತೆಯಲ್ಲಿ. ಅವನಿಗೆ ಆಗ 29 ವರ್ಷ. ಮ್ಯಾಕ್ಲಿನ್ನನ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು. ಇನ್ನು ಲೆವೆಯ ಮೇಲೆ ಅವನ ವಯಸ್ಸನ್ನೆತ್ತಿ ದೂರಿದವರುಂಟು. ಸತ್ತವನು ಉತ್ತರ ಕೊಡಲಾರನಲ್ಲ! ಆದರೆ ಅವನ ಹಿಂದೆಯೇ ಬರುತ್ತಿದ್ದ ಮಹಾಚಾಲಕ ಫಾಂಜಿಯೊ ಮಾತ್ರ, ಕೊನೆಯ ಕ್ಷಣದಲ್ಲಿ ಲೆವೆ ಕೈಯೆತ್ತಿ ತನ್ನನ್ನು ಎಚ್ಚರಿಸಿದ್ದರಿಂದಲೇ ತಾನು ಉಳಿದೆನೆಂದು ಹೇಳಿದ.

ವಿಧಿಯ ವಿನೋದವನ್ನು ನೋಡಿ. ಇದೇ ಹಾಥಾರ್ನನ ಹೆಸರು ಪಂದ್ಯಲೋಕದ ಅತ್ಯಂತ ಸುಂದರವಾದ ಒಂದು ಪ್ರಸಂಗದಲ್ಲೂ ಬರುತ್ತದೆ. ಆದರೆ ಅಲ್ಲಿಯ ನಾಯಕ ಅವನಲ್ಲ. 1958ರ ಆಗಸ್ಟ್ 24ರಂದು ಪೋರ್ಚುಗಲ್ಲಿನ ಪೋರ್ಟೋ ನಗರದ ಬೀದಿಗಳಲ್ಲಿ ಪಂದ್ಯ ನಡೆಯಿತು. ಸ್ಟರ್ಲಿಂಗ್ ಮಾಸ್ ಗೆದ್ದ, ಹಾಥಾರ್ನ್ ಎರಡನೆಯವನಾದ. ಕೊನೆಯ ಸುತ್ತಿನಲ್ಲಿ ಹಾಥಾರ್ನನ ಕಾರು ಗಿರ್ರನೆ ತಿರುಗಿ ನಿಂತುಬಿಟ್ಟಿತ್ತು. ಅವನು ಅದನ್ನು ತಳ್ಳಿ ಇಳಿಜಾರಿನಲ್ಲಿ, ಪಂದ್ಯದ ದಿಕ್ಕಿಗೆ ವಿರುದ್ಧವಾಗಿ, ಚಾಲನೆ ಮಾಡಿಕೊಂಡಿದ್ದ. ನಿಯಮದ ಪ್ರಕಾರ ಅದು ಅಪರಾಧ. ತೀರ್ಪುಗಾರರು ಅವನನ್ನು ಹೊರಗಿಡಲು ಯೋಚಿಸುತ್ತಿದ್ದಾಗ ಅವನ ಪರವಾಗಿ ಸಾಕ್ಷಿ ಹೇಳಲು ಹೋದವನು, ಆ ವರ್ಷದ ಪ್ರಶಸ್ತಿಗೆ ಅವನೊಡನೆ ಹೋರಾಡುತ್ತಿದ್ದ ಮಾಸ್! ಹಾಥಾರ್ನ್ ಕಾರನ್ನು ತಳ್ಳಿದ್ದು ಪಥದ ಮೇಲಲ್ಲ, ಕಾಲುದಾರಿಯ ಮೇಲೆ. ತಾನು ಕಣ್ಣಾರೆ ಕಂಡೆನೆಂದು ಅವನು ಹೇಳಿದ. ಹಾಥಾರ್ನನ ಅಂಕಗಳು ಉಳಿದವು. ವರ್ಷದ ಕೊನೆಗೆ ಹಾಥಾರ್ನನಿಗೆ 42 ಅಂಕ, ಮಾಸ್‌ಗೆ 41. ನಾಲ್ಕು ಪಂದ್ಯ ಗೆದ್ದವನಿಗೆ ಪ್ರಶಸ್ತಿ ತಪ್ಪಿತು, ಒಂದೇ ಗೆದ್ದವನಿಗೆ ದಕ್ಕಿತು. ಮಾಸ್ 2020ರಲ್ಲಿ ತೀರಿಕೊಳ್ಳುವವರೆಗೂ ವಿಶ್ವ ಚಾಂಪಿಯನ್ ಎನಿಸಿಕೊಳ್ಳಲಿಲ್ಲ. ಆದರೂ ಆ ಪೀಳಿಗೆಯ ಚಾಲಕರಲ್ಲಿ ಇಂದಿಗೂ ಹೆಚ್ಚು ಪ್ರೀತಿಯಿಂದ ನೆನೆಯಲ್ಪಡುವ ಹೆಸರು ಯಾರದೆಂದು ಬಲ್ಲವರನ್ನು ಕೇಳಿನೋಡಬೇಕು.

ಈಗಿನ ಕಾಲದಲ್ಲಿ ಸಾಕ್ಷಿ ಹೇಳಲು ಮಾಸ್‌ನಂಥವರಿಗಾಗಿ ಕಾಯಬೇಕಾಗಿಲ್ಲ; ಯಂತ್ರವೇ ಹೇಳುತ್ತದೆ. 2009ರಲ್ಲಿ ಮೆಲ್ಬರ್ನಿನ ಪಂದ್ಯದ ನಂತರ ಲೂಯಿಸ್ ಹ್ಯಾಮಿಲ್ಟನ್ ತೀರ್ಪುಗಾರರ ಮುಂದೆ ಸುಳ್ಳು ನುಡಿದದ್ದು ಅವನದೇ ರೇಡಿಯೋ ಸಂಭಾಷಣೆಯ ಧ್ವನಿಮುದ್ರಿಕೆಯಿಂದ ಹೊರಬಿತ್ತು. ಪಂದ್ಯದಿಂದ ಅವನನ್ನು ತೆಗೆದುಹಾಕಿದರು. ಮುಂದಿನ ಪಂದ್ಯದ ಊರಿನಲ್ಲಿ ಅವನು ಪತ್ರಕರ್ತರ ಎದುರು ಬಹಿರಂಗವಾಗಿ ಕ್ಷಮೆ ಕೇಳಿದ. ಆಗ ಅವನು ವಿಶ್ವ ಚಾಂಪಿಯನ್ ಆಗಿದ್ದ ಹುಡುಗ, 24 ವರ್ಷದವನು.

ರ‍್ಯಾಲಿಯ ನಿಯಮಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಪ್ರತಿ ಕಾರಿನಲ್ಲಿಯೂ ಒಂದು ಫಲಕವಿರುತ್ತದೆ. ಕಾರು ಕೆಟ್ಟು ನಿಂತಾಗ ಒಳಗಿದ್ದವರು ಕ್ಷೇಮವಾಗಿದ್ದರೆ ಅದರ ಒಂದು ಮುಖವನ್ನೂ, ಪ್ರಾಣಾಪಾಯವಿದ್ದರೆ ಕೆಂಪು ಗುರುತಿನ ಇನ್ನೊಂದು ಮುಖವನ್ನೂ ಹಿಂದೆ ಬರುವವರಿಗೆ ತೋರಿಸಬೇಕು. ಕೆಂಪನ್ನು ಕಂಡವನು, ತಾನು ಗೆಲ್ಲುವ ಹಾದಿಯಲ್ಲಿದ್ದರೂ ಸರಿಯೆ, ನಿಲ್ಲಲೇಬೇಕು. ಕಂಡೂ ಕಾಣದಂತೆ ಹೋದರೆ ಶಿಕ್ಷೆ.

ಪಂದ್ಯದ ಪಥದಲ್ಲಿ ಇಷ್ಟೆಲ್ಲ ಕಟ್ಟುಪಾಡಿದ್ದರೆ, ಬೆಂಗಳೂರಿನಂಥ ನಗರಗಳ ರಸ್ತೆಗಳಲ್ಲಿ ರಾತ್ರಿ ವೇಳೆ ಮುಂದಿನ ಚಕ್ರವನ್ನು ಗಾಳಿಗೆತ್ತಿ ಹಾರಾಡುವ ಹುಡುಗರಿಗೆ ಕಾವಲಿನವರೂ ಇಲ್ಲ, ಫಲಕವೂ ಇಲ್ಲ. ಪಂದ್ಯಪ್ರಿಯರೆಂಬ ಹೆಸರನ್ನು ಕೆಡಿಸುವವರು ಹೆಚ್ಚಾಗಿ ಇವರೇ. ಜನ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಕಾನೂನು ಹಾಗೆ ತೂಗುವುದಿಲ್ಲ. ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನ ಪ್ರಕಾರ ಅಪರಾಧ. ಹುಡುಗ ಅಪ್ರಾಪ್ತನಾಗಿದ್ದರೆ 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮು ಮನೆಯ ಬಾಗಿಲಿಗೇ ಬರುತ್ತದೆ. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಪ್ರಯತ್ನ ಮಾಡಿದ್ದೆನೆಂದೋ ರುಜುವಾತು ಮಾಡದ ಹೊರತು ಪೋಷಕ ಅಥವಾ ವಾಹನದ ಒಡೆಯನನ್ನೇ ತಪ್ಪಿತಸ್ಥನೆಂದು ಎಣಿಸಲಾಗುತ್ತದೆ: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗದು. ಬೀಗದ ಕೈ ಎಲ್ಲಿಟ್ಟಿತ್ತು ಎಂದು ನ್ಯಾಯಾಧೀಶರು ಕೇಳಿದಾಗ ಉತ್ತರ ಹೇಳಬೇಕಾದವನು ತಂದೆ.