ಗಡ್ಡೆ ತೆಗೆದ ಮೇಲೆ ನಾಯಿಯ ಆರೈಕೆ: ನಂಬಿಕೆ ಮತ್ತು ವಾಸ್ತವ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ, ಬೇಯಿಸಿದ ಅಡಿಕೆ ಹರವಿದ ಕಣಗಳಲ್ಲಿ, ಮಳೆ ಕಡಿಮೆ ಬೀಳುವ ಜಗಳೂರು ಸೀಮೆಯ ಕುರಿಹಟ್ಟಿಗಳಲ್ಲಿ ರಾತ್ರಿಯ ಕಾವಲು ನಾಯಿಯ ಪಾಲಿನದು. ಅಂಥ ನಾಯಿಗೆ ಮೊಲೆಸಾಲಿನಲ್ಲೋ ಚರ್ಮದಡಿಯಲ್ಲೋ ಗಡ್ಡೆ ಕಾಣಿಸಿಕೊಂಡು, ಮನೆಯವರು ಅದನ್ನು ತಾಲ್ಲೂಕು ಪಶು ಆಸ್ಪತ್ರೆಗೋ, ದಾವಣಗೆರೆಯ ಚಿಕಿತ್ಸಾಲಯಕ್ಕೋ, ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲೆ, ಹೊಲಿಗೆ ಬಿಚ್ಚುವವರೆಗಿನ 10ರಿಂದ 14 ದಿನಗಳ ಹೊಣೆ ಬಹುಮಟ್ಟಿಗೆ ಮನೆಯದೇ ಆಗುತ್ತದೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆದಿದ್ದರೂ ಈ ದಿನಗಳಲ್ಲಿ ಗಾಯ ಕೆಡಬಹುದು. ಅದಕ್ಕೆ ಅಕ್ಕರೆಯ ಕೊರತೆ ಕಾರಣವಾಗುವುದು ಅಪರೂಪ, ಅಕ್ಕರೆಯಿಂದಲೇ ಪಾಲಿಸುವ ಕೆಲವು ತಪ್ಪು ನಂಬಿಕೆಗಳು ಕಾರಣವಾಗುವುದು ಸಾಮಾನ್ಯ. ಅವುಗಳಲ್ಲಿ ಕೆಲವು ಶಸ್ತ್ರಚಿಕಿತ್ಸೆಗೂ ಮುಂಚೆಯೇ ಆರಂಭವಾಗುತ್ತವೆ.

“ಕತ್ತಿ ತಾಗಿದರೆ ಗಡ್ಡೆ ಹರಡುತ್ತದೆ”

ಗಡ್ಡೆಯೆಂದರೆ ದೇಹದ ಜೀವಕೋಶಗಳು ಅಂಕೆ ಮೀರಿ ವಿಭಜನೆಗೊಂಡು ಬೆಳೆದ ಮುದ್ದೆ. ಇದ್ದಲ್ಲಿಯೇ ಉಳಿಯುವ ಗಡ್ಡೆಗಳನ್ನು ಸೌಮ್ಯ ಗಡ್ಡೆಗಳೆಂದೂ, ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗಿ, ರಕ್ತ ಮತ್ತು ದುಗ್ಧರಸ ನಾಳಗಳ ಮೂಲಕ ಶ್ವಾಸಕೋಶದಂಥ ದೂರದ ಅಂಗಗಳಲ್ಲಿ ನೆಲೆಯೂರುವವನ್ನು ಮಾರಕ ಗಡ್ಡೆಗಳೆಂದೂ ಕರೆಯುತ್ತಾರೆ. ಶಸ್ತ್ರಚಿಕಿತ್ಸೆಯಾದ ಕೆಲವು ತಿಂಗಳಲ್ಲಿ ನಾಯಿಯೊಂದು ಸತ್ತರೆ, ಕತ್ತಿ ತಾಗಿಸಿದ್ದರಿಂದಲೇ ರೋಗ ಮೈಗೆಲ್ಲ ಏರಿತೆಂದು ಊರು ತೀರ್ಮಾನಿಸುವುದು ಸಹಜ. ಆದರೆ ಅಂಥ ಬಹುತೇಕ ಪ್ರಕರಣಗಳಲ್ಲಿ ಗಡ್ಡೆಯು ನಿಂಬೆಹಣ್ಣಿನಷ್ಟಿದ್ದಾಗ ಕಾದು, ತೆಂಗಿನಕಾಯಿಯಷ್ಟಾಗಿ ಒಡೆದು ವಾಸನೆ ಬರತೊಡಗಿದ ಮೇಲೆ ನಾಯಿಯನ್ನು ಆಸ್ಪತ್ರೆಗೆ ತಂದಿರುತ್ತಾರೆ. ಅಷ್ಟರಲ್ಲಿ ರೋಗ ಶ್ವಾಸಕೋಶವನ್ನು ಮುಟ್ಟಿರುತ್ತದೆ. ದೊಡ್ಡ ಗಡ್ಡೆಯನ್ನು ತೆಗೆಯುವ ಮೊದಲು ವೈದ್ಯರು ಎದೆಯ ಎಕ್ಸ್‌ರೇ ತೆಗೆಸಲು ಹೇಳುವುದು ಇದನ್ನು ತಿಳಿಯುವುದಕ್ಕಾಗಿಯೇ. ಸೂಜಿಯಿಂದ ಗಡ್ಡೆಯ ಕೆಲವು ಕೋಶಗಳನ್ನು ಹೀರಿ ಪರೀಕ್ಷಿಸುವುದರಿಂದಲೂ ರೋಗ ಹರಡುತ್ತದೆಂಬ ಭಯವಿದೆ. ಚರ್ಮದ ಮತ್ತು ಮೊಲೆಯ ಗಡ್ಡೆಗಳಲ್ಲಿ ಹಾಗಾಗುವುದು ತೀರ ಅಪರೂಪವಾಗಿದ್ದು, ಆ ಪರೀಕ್ಷೆಯಿಂದ ಸಿಗುವ ತಿಳಿವಳಿಕೆಯ ಮುಂದೆ ಅದು ಲೆಕ್ಕಕ್ಕೆ ಬರುವಷ್ಟಲ್ಲ.

ವಯಸ್ಸಾದ ನಾಯಿ ಅರಿವಳಿಕೆಯನ್ನು ತಡೆಯಲಾರದೆಂಬ ಮಾತೂ ಇದರೊಡನೆ ಕೇಳಿಬರುತ್ತದೆ. ವಯಸ್ಸೇ ಒಂದು ರೋಗವಲ್ಲ. ಹೃದಯ, ಮೂತ್ರಪಿಂಡ ಮತ್ತು ಯಕೃತ್ತು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನು ವೈದ್ಯರ ತಪಾಸಣೆಯೂ ರಕ್ತಪರೀಕ್ಷೆಯೂ ತಿಳಿಸುತ್ತವೆ, ನಿರ್ಧಾರಕ್ಕೆ ಅವೇ ಆಧಾರವಾಗಬೇಕು.

“ಎಲ್ಲ ಗಡ್ಡೆಗೂ ಕತ್ತಿಯೇ ಮದ್ದು”

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೀದಿಯಲ್ಲಿ ಓಡಾಡಿಕೊಂಡಿರುವ, ಸಂತಾನಹರಣ ಆಗದ ನಾಯಿಗಳ ಜನನಾಂಗದಲ್ಲಿ ಹೂಕೋಸಿನ ಆಕಾರದಲ್ಲಿ ಬೆಳೆದು ರಕ್ತ ಸೋರುವ ಗಡ್ಡೆಯೊಂದುಂಟು. ಹೆಣ್ಣುನಾಯಿಯಲ್ಲಿ ಆ ರಕ್ತಸ್ರಾವವನ್ನು ಬೆದೆಯ ಲಕ್ಷಣವೆಂದು ತಿಳಿದು ತಿಂಗಳುಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ಕೂಡಿಕೆಯ ಸಮಯದಲ್ಲಿ, ನೆಕ್ಕುವಾಗ ಅಥವಾ ಮೂಸುವಾಗ ಗಡ್ಡೆಯ ಜೀವಂತ ಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿ ಬೇರೂರುವುದು ಈ ರೋಗದ ವಿಶೇಷ. 1876ರಲ್ಲಿ ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ ಈ ಗಡ್ಡೆಯ ತುಣುಕನ್ನು ಒಂದು ನಾಯಿಯಿಂದ ಮತ್ತೊಂದಕ್ಕೆ ನಾಟಿ ಮಾಡಿ ಬೆಳೆಸಿ ತೋರಿಸಿದ್ದು ಕ್ಯಾನ್ಸರ್ ಸಂಶೋಧನೆಯ ಚರಿತ್ರೆಯಲ್ಲಿ ಮುಖ್ಯವಾದ ಘಟನೆ. ಇದನ್ನು ಬರಿದೇ ಕತ್ತರಿಸಿ ತೆಗೆದರೆ ಮರುಕಳಿಸುವ ಸಂಭವ ಹೆಚ್ಚು. ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆ, ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ಣವಾಗಿ ಗುಣವಾಗುತ್ತವೆ. ಗಡ್ಡೆ ಕರಗಿತೆಂದು ಎರಡನೇ ವಾರಕ್ಕೇ ನಿಲ್ಲಿಸುವುದು ತಪ್ಪು. ಚುಚ್ಚುಮದ್ದಾದ ನಂತರದ ಕೆಲವು ದಿನ ನಾಯಿಯ ಮೂತ್ರ, ಮಲ ಮತ್ತು ವಾಂತಿಯಲ್ಲಿ ಔಷಧದ ಅಂಶ ಇರುವುದರಿಂದ ಕೈಗವಸು ಹಾಕಿಕೊಂಡು ಸ್ವಚ್ಛಗೊಳಿಸಬೇಕು, ಗರ್ಭಿಣಿಯರು ಆ ಕೆಲಸದಿಂದ ದೂರವಿರಬೇಕು. ಈ ಗಡ್ಡೆಯೂ ಸೇರಿದಂತೆ ನಾಯಿಯ ಯಾವ ಗಡ್ಡೆಯೂ ಮನುಷ್ಯರಿಗೆ ಅಂಟುವುದಿಲ್ಲ. ಮಕ್ಕಳಿಗೆ ತಗಲೀತೆಂದು ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಮನೆಯಿಂದ ಹೊರಗೆ ಹಾಕುವುದಕ್ಕೆ ಯಾವ ಆಧಾರವೂ ಇಲ್ಲ.

“ತೆಗೆದ ಗಡ್ಡೆಯಿಂದ ಇನ್ನೇನು ಕೆಲಸ?”

ಈ ನಾಲ್ಕು ತಾಲ್ಲೂಕುಗಳಲ್ಲಷ್ಟೇ ಅಲ್ಲ, ನಾಡಿನ ಬೇರೆಡೆಯೂ ಅತ್ಯಂತ ಹೆಚ್ಚು ಹಾನಿ ಮಾಡುವ ಉದಾಸೀನ ಇದು. ಹೆಣ್ಣುನಾಯಿಯ ಮೊಲೆ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾರಕವಾಗಿರುತ್ತವೆ, ಉಳಿದವು ಸೌಮ್ಯ. ಎರಡರ ವ್ಯತ್ಯಾಸವನ್ನು ಕಣ್ಣಿನಿಂದಾಗಲೀ ಕೈಯಿಂದ ಮುಟ್ಟಿಯಾಗಲೀ ಖಚಿತವಾಗಿ ಹೇಳಲು ಪಳಗಿದ ವೈದ್ಯರಿಗೂ ಸಾಧ್ಯವಿಲ್ಲ. ಗಡ್ಡೆಯನ್ನು ತೆಳುವಾದ ಪದರಗಳಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುವ ಅಂಗಾಂಶ ಪರೀಕ್ಷೆಯೊಂದೇ ಅದನ್ನು ತಿಳಿಸುತ್ತದೆ. ಗಡ್ಡೆಯ ಜಾತಿ, ಅದರ ಆಕ್ರಮಣಶೀಲತೆ, ಕತ್ತರಿಸಿದ ಅಂಚಿನಲ್ಲಿ ರೋಗದ ಕೋಶಗಳು ಉಳಿದಿವೆಯೇ ಎಂಬ ಮೂರು ಪ್ರಶ್ನೆಗಳಿಗೆ ಅದು ಉತ್ತರ ಕೊಡುತ್ತದೆ, ಮತ್ತು ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಉತ್ತರಗಳ ಮೇಲೆ. ಅಗಲ ಬಾಯಿಯ ಡಬ್ಬಿಯಲ್ಲಿ, ಗಡ್ಡೆಯ ಗಾತ್ರದ ಹತ್ತು ಪಟ್ಟು ಶೇ 10ರ ಫಾರ್ಮಲಿನ್ ದ್ರಾವಣದೊಳಗೆ ಅದನ್ನು ಮುಳುಗಿಸಿಟ್ಟರೆ ಕೆಡದೆ ಪ್ರಯೋಗಾಲಯ ಸೇರುತ್ತದೆ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದರೆ ಕೋಶಗಳು ಒಡೆದು ಪರೀಕ್ಷೆಗೆ ಒದಗದೆ ಹೋಗುತ್ತವೆ. ಗಡ್ಡೆಯನ್ನು ಪರೀಕ್ಷೆಗೆ ಕಳುಹಿಸಲು ಏರ್ಪಾಡಿದೆಯೇ ಎಂದು ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಮ್ಮೆ ತಿಪ್ಪೆ ಸೇರಿದ ಗಡ್ಡೆಯಿಂದ ಯಾವ ಉತ್ತರವೂ ಸಿಗದು.

“ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ”

ನಾಯಿಯ ಜೊಲ್ಲಿನಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಅಂಶಗಳಿರುವುದು ನಿಜವಾದರೂ, ಅದೇ ಬಾಯಿಯಲ್ಲಿ ಗಾಯವನ್ನು ಕೀವಾಗಿಸುವ ಬ್ಯಾಕ್ಟೀರಿಯಾಗಳೂ ಹೇರಳವಾಗಿವೆ. ಅದಕ್ಕಿಂತ ಮುಖ್ಯವಾಗಿ, ಒರಟಾದ ನಾಲಿಗೆಯೂ ಮುಂಬಲ್ಲುಗಳೂ ಹೊಲಿಗೆಯನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸಬಲ್ಲವು. ಮೊಲೆಸಾಲಿನ ಗಾಯ ಹೊಟ್ಟೆಯ ಉದ್ದಕ್ಕೂ ಇರುವುದರಿಂದ ನಾಯಿಗೆ ಅದು ಸುಲಭವಾಗಿ ಎಟುಕುತ್ತದೆ. ಕೊರಳ ಸುತ್ತ ಕಟ್ಟುವ ಪ್ಲಾಸ್ಟಿಕ್ ಆಲಿಕೆಯಂಥ ಪಟ್ಟಿಯು ನೋಡಲು ಹಿಂಸೆಯೆನಿಸಿದರೂ, ಹೊಲಿಗೆ ಬಿಚ್ಚುವವರೆಗೆ ಹಗಲಿರುಳು ಇರಲೇಬೇಕು. ಅದರ ಅಂಚು ಮೂಗಿನ ತುದಿಯನ್ನು ದಾಟಿರಬೇಕು, ಕೊರಳಿನ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಅಂಗಡಿಯಲ್ಲಿ ಸಿಗದಿದ್ದರೆ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಬಕೆಟ್ಟಿನಿಂದ ಅದನ್ನು ಮಾಡಿಕೊಳ್ಳಬಹುದು. ಮೊದಲ ದಿನದ ಗೊಂದಲ ಕಳೆದ ಮೇಲೆ ಬಹಳಷ್ಟು ನಾಯಿಗಳು ಅದರಲ್ಲೇ ತಿಂದು, ಕುಡಿದು, ಮಲಗಲು ಕಲಿಯುತ್ತವೆ.

“ಅರಿಶಿನ, ಬೂದಿ, ಫಿನಾಯಿಲು ಹಚ್ಚಿದರೆ ಬೇಗ ಒಣಗುತ್ತದೆ”

ಹೊಲಿಗೆ ಹಾಕಿದ ಗಾಯವು ಮೂಲತಃ ಸ್ವಚ್ಛವಾಗಿದ್ದು, ಒಂದೆರಡು ದಿನದಲ್ಲಿ ಅದರ ಬಾಯಿ ತೆಳುವಾಗಿ ಮುಚ್ಚಿಕೊಳ್ಳುತ್ತದೆ. ಹೊಗೆಸೊಪ್ಪಿನ ಪುಡಿ, ಕಾಫಿ ಪುಡಿ, ಒಲೆಯ ಬೂದಿ, ಬಂಡಿಯ ಕೀಲೆಣ್ಣೆಯಂಥವು ಅಲ್ಲಿಗೆ ಕೊಳೆಯನ್ನೂ ರೋಗಾಣುಗಳನ್ನೂ ತರುತ್ತವೆ; ಅಡುಗೆಮನೆಯ ಅರಿಶಿನವೂ ರೋಗಾಣುಮುಕ್ತವಲ್ಲ, ಹೊಲಿಗೆಯ ಸಂದಿನಲ್ಲಿ ಗಟ್ಟಿಕಟ್ಟಿ ಕೀವು ಕಾಣದಂತೆ ಮರೆಮಾಡುತ್ತದೆ. ಫಿನಾಯಿಲು ಮತ್ತು ಡೆಟಾಲ್ ಹೊಸದಾಗಿ ಹುಟ್ಟುತ್ತಿರುವ ಕೋಶಗಳನ್ನೇ ಸುಡುತ್ತವೆ, ನೆಕ್ಕಿದರೆ ವಿಷವಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡಿನ ನೊರೆ ಶುದ್ಧಿಯ ಲಕ್ಷಣದಂತೆ ಕಂಡರೂ ಅದೂ ಮಾಯುವಿಕೆಯನ್ನು ತಡಮಾಡುತ್ತದೆ. ಗಾಯದ ಸುತ್ತ ಕೊಳೆಯಾದರೆ, 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ, ಅದರಲ್ಲಿ ಅದ್ದಿದ ಶುದ್ಧ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಉಳಿದುದೆಲ್ಲ ವೈದ್ಯರು ಬರೆದುಕೊಟ್ಟ ಮುಲಾಮಿನ ಕೆಲಸ. ಸ್ನಾನವಂತೂ ಹೊಲಿಗೆ ಬಿಚ್ಚುವವರೆಗೆ ಬೇಡ.

ತೋಟದ ಸೀಮೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ನೊಣವೇ ದೊಡ್ಡ ಶತ್ರು. ಗಾಳಿ ಬಿಸಿಲು ತಾಗಲೆಂದು ಗಾಯವನ್ನು ತೆರೆದಿಟ್ಟು ನಾಯಿಯನ್ನು ಕೊಟ್ಟಿಗೆಯ ಬಳಿ ಕಟ್ಟಿದರೆ ನೊಣಗಳು ಬಂದು ಮೊಟ್ಟೆಯಿಡುತ್ತವೆ, ಒಂದು ದಿನದೊಳಗೆ ಅವು ಒಡೆದು ಹುಳುಗಳಾಗುತ್ತವೆ. ಅವುಗಳಲ್ಲಿ ಕೆಲವು ಜಾತಿಯ ಹುಳುಗಳು ಸತ್ತ ಮಾಂಸವನ್ನಷ್ಟೇ ಅಲ್ಲದೆ ಜೀವಂತ ಮಾಂಸವನ್ನೂ ಕೊರೆಯುತ್ತವೆ. ಆದ್ದರಿಂದ ಮನೆಯೊಳಗೆ, ಒಣ ನೆಲದ ಮೇಲೆ, ದಿನವೂ ಬದಲಿಸುವ ಹಳೆಯ ಹತ್ತಿಬಟ್ಟೆಯ ಹಾಸಿಗೆಯೇ ಸರಿಯಾದ ಜಾಗ. ಗೋಣಿಚೀಲದ ನಾರು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ಜಗಳೂರಿನ ಬೇಸಿಗೆಯಲ್ಲಿ ನೆರಳೂ ಸದಾ ತುಂಬಿದ ನೀರಿನ ಬಟ್ಟಲೂ ಅಷ್ಟೇ ಅಗತ್ಯ. ಹುಳು ಕಂಡರೆ ಸೀಮೆಎಣ್ಣೆ ಸುರಿಯದೆ ಅಂದೇ ವೈದ್ಯರಿಗೆ ತೋರಿಸಬೇಕು.

“ಮೊಟ್ಟೆ, ಮಾಂಸ ನಂಜು”

ಗಾಯವಾದವರಿಗೆ ನಂಜಿನ ಪದಾರ್ಥ ಕೊಟ್ಟರೆ ಕೀವಾಗುತ್ತದೆಂಬ ನಂಬಿಕೆ ಮನುಷ್ಯರ ಪಥ್ಯದಿಂದ ನಾಯಿಯ ತಟ್ಟೆಗೂ ಇಳಿದಿದೆ. ಅದರ ಫಲವಾಗಿ ಶಸ್ತ್ರಚಿಕಿತ್ಸೆಯಾದ ನಾಯಿಗೆ ವಾರಗಟ್ಟಲೆ ಬರಿಯ ಹಾಲು ಅನ್ನ ಅಥವಾ ಅಂಬಲಿ ಸಿಗುತ್ತದೆ. ಕೀವು ಎಂಬುದು ಬ್ಯಾಕ್ಟೀರಿಯಾಗಳ ವಿರುದ್ಧ ಹೋರಾಡಿ ಸತ್ತ ಬಿಳಿ ರಕ್ತಕಣಗಳ ರಾಶಿ. ಅದು ಸೋಂಕಿನಿಂದ ಬರುತ್ತದೆ, ಮೊಟ್ಟೆಯಿಂದ ಬರುವುದಿಲ್ಲ. ಸೀಳಿದ ಚರ್ಮವನ್ನು ಮತ್ತೆ ಕೂಡಿಸುವ ಕೊಲ್ಯಾಜನ್ ಎಂಬ ನಾರು ಪ್ರೋಟೀನಿನಿಂದಲೇ ಆಗುವುದರಿಂದ, ಪ್ರೋಟೀನು ಕಡಿಮೆಯಾದರೆ ಗಾಯ ಮಾಯುವುದೂ ನಿಧಾನವಾಗುತ್ತದೆ. ಅರಿವಳಿಕೆಯ ಮಂಪರು ಪೂರ್ತಿ ಇಳಿದ ಮೇಲೆ ಸ್ವಲ್ಪ ನೀರು, ಅದು ದಕ್ಕಿದರೆ ಸ್ವಲ್ಪ ಮೆತ್ತನೆಯ ಆಹಾರ, ಮರುದಿನದಿಂದ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಅಥವಾ ಮೊಸರನ್ನು ಅನ್ನದೊಡನೆಯೋ ಮುದ್ದೆಯೊಡನೆಯೋ ಕಲಸಿ ದಿನಕ್ಕೆ ಮೂರು ನಾಲ್ಕು ಬಾರಿ ಕೊಡಬಹುದು. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನಿಜವಾಗಿ ದೂರವಿಡಬೇಕಾದದ್ದು ಮನೆಯ ಸಾರು: ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕಳೆದುಕೊಂಡ ನಾಯಿಗೆ ಅದು ಇನ್ನೂ ಕೆಟ್ಟದ್ದು. ಬೆಂದ ಮೂಳೆ, ದ್ರಾಕ್ಷಿ, ಚಾಕೊಲೇಟುಗಳೂ ಬೇಡ.

“ಮೈ ಬಿಸಿಯಾಗಿದೆ, ಒಂದು ಮಾತ್ರೆ ಕೊಟ್ಟರಾಯಿತು”

ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ, ಮನುಷ್ಯರ ಅಂಗೈಗೆ ಅದು ಯಾವಾಗಲೂ ಬಿಸಿಯೆನಿಸುತ್ತದೆ. ಮೂಗು ಒಣಗಿರುವುದೂ ಜ್ವರದ ಗುರುತಲ್ಲ. ಇದನ್ನರಿಯದೆ ಮನೆಯಲ್ಲಿದ್ದ ಪ್ಯಾರಾಸಿಟಮಾಲನ್ನೋ, ನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಯನ್ನೋ ಕೊಡುವುದು ಜೀವಕ್ಕೇ ಎರವಾಗಬಹುದು: ಮೊದಲನೆಯದು ಹೆಚ್ಚಾದರೆ ಯಕೃತ್ತನ್ನು ಕೆಡಿಸುತ್ತದೆ, ಉಳಿದೆರಡು ಹೊಟ್ಟೆಯಲ್ಲಿ ರಕ್ತ ಸೋರುವ ಹುಣ್ಣನ್ನೂ ಮೂತ್ರಪಿಂಡದ ವೈಫಲ್ಯವನ್ನೂ ತರುತ್ತವೆ. ಮನುಷ್ಯರಿಗೆ ಒಗ್ಗುವ ಔಷಧ ಇನ್ನೊಂದು ಜೀವಿಗೆ ವಿಷವಾಗಬಲ್ಲದೆಂಬುದಕ್ಕೆ ದೇಶದ ರಣಹದ್ದುಗಳ ದುರಂತವೇ ಸಾಕ್ಷಿ. ಡೈಕ್ಲೋಫೆನಾಕ್ ಪಡೆದ ದನಗಳ ಕಳೇಬರ ತಿಂದು ಅವು ಮೂತ್ರಪಿಂಡ ಕೆಟ್ಟು ಸತ್ತದ್ದರಿಂದಲೇ 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು. ಹಾಗೆಂದು ನಾಯಿ ನೋವನ್ನು ಸಹಿಸಿಕೊಳ್ಳಲೆಂದು ಬಿಡುವುದೂ ತಪ್ಪು. ನಾಯಿ ಕೂಗದಿದ್ದರೂ ಬೆನ್ನು ಬಾಗಿಸಿ ನಿಲ್ಲುವುದು, ಮೂಲೆ ಹಿಡಿಯುವುದು, ನಡುಗುವುದು, ಮುಟ್ಟಿದರೆ ಗುರುಗುಟ್ಟುವುದು ನೋವಿನ ಭಾಷೆಯೇ ಆಗಿದೆ. ತೂಕ ನೋಡಿ ವೈದ್ಯರು ಕೊಟ್ಟ ಮೆಲಾಕ್ಸಿಕಾಮಿನಂಥ ಔಷಧವನ್ನು ಆಹಾರದೊಡನೆ, ಹೇಳಿದಷ್ಟೇ ದಿನ ಕೊಡಬೇಕು. ನೋವಿನಲ್ಲಿರುವ ನಾಯಿ ಮನೆಯವರನ್ನೇ ಕಚ್ಚಬಹುದು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

“ಓಡಾಡುತ್ತಿದೆ, ಅಂದರೆ ಗುಣವಾಗಿದೆ”

ಮೂರನೇ ದಿನಕ್ಕೆ ಬಾಲವಾಡಿಸುತ್ತ ಗೇಟಿಗೆ ಓಡುವ ನಾಯಿಯ ಗಾಯ ಒಳಗೆ ಇನ್ನೂ ಎಳೆಯದಾಗಿರುತ್ತದೆ. ಚರ್ಮ ಕೂಡಿಕೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು, ಆಗಲೂ ಅದು ಮೊದಲಿನ ಬಲದ ಶೇ 80ರಷ್ಟನ್ನು ಮಾತ್ರ ಮುಟ್ಟುತ್ತದೆ. ಆದ್ದರಿಂದ ಹಗ್ಗ ಹಿಡಿದು ಮಲಮೂತ್ರಕ್ಕೆ ಕರೆದೊಯ್ಯುವುದನ್ನು ಬಿಟ್ಟರೆ ಎರಡು ವಾರ ಜಿಗಿತ, ಮೆಟ್ಟಿಲು, ಕಾವಲು ಯಾವುದೂ ಕೂಡದು. ಅತಿಯಾಗಿ ಅಲುಗಾಡಿದರೆ ಚರ್ಮದಡಿಯ ಖಾಲಿ ಜಾಗದಲ್ಲಿ ನೀರು ತುಂಬಿ ಮೆತ್ತನೆಯ ಊತ ಬರುತ್ತದೆ. ನೋವಿಲ್ಲದ ಸಣ್ಣ ಊತ ತಾನೇ ಇಳಿಯುತ್ತದೆ, ಅದನ್ನು ಮನೆಯಲ್ಲಿ ಚುಚ್ಚಬಾರದು. ಆದರೆ ಊತ ಬಿಸಿಯಾಗಿ ಕೆಂಪಾದರೆ, ವಾಸನೆಯ ದ್ರವ ಸೋರಿದರೆ, ಹೊಲಿಗೆ ಬಾಯಿಬಿಟ್ಟರೆ, ಒಸಡು ಬೆಳ್ಳಗಾದರೆ, ಒಂದು ದಿನ ಕಳೆದರೂ ನಾಯಿ ಏನನ್ನೂ ಮುಟ್ಟದಿದ್ದರೆ ಕಾಯುವಂತಿಲ್ಲ. ಹತ್ತಿರದ ಪಶು ಆಸ್ಪತ್ರೆ ದೂರವಿರುವ ಹಳ್ಳಿಯವರು 1962 ಎಂಬ ಶುಲ್ಕರಹಿತ ಪಶು ಸಹಾಯವಾಣಿಗೆ ಕರೆ ಮಾಡಬಹುದು.

ಮೊಲೆ ಗಡ್ಡೆ ತೆಗೆಸಿದ ನಾಯಿಯ ಉಳಿದ ಮೊಲೆಗಳಲ್ಲಿ ಹೊಸ ಗಡ್ಡೆ ಹುಟ್ಟಬಹುದು. ಹೆಣ್ಣುನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳಿದ್ದು, ಹಿಂದಿನ ಎರಡು ಜೊತೆಗಳಲ್ಲಿ ಗಡ್ಡೆ ಹೆಚ್ಚು. ತಿಂಗಳಿಗೊಮ್ಮೆ ನಾಯಿಯನ್ನು ಅಂಗಾತ ಮಲಗಿಸಿ, ಕಂಕುಳಿನಿಂದ ತೊಡೆಸಂದಿಯವರೆಗೆ ಪ್ರತಿಯೊಂದನ್ನೂ ಬೆರಳುಗಳಿಂದ ಒತ್ತಿ ನೋಡಬೇಕು, ಕಡಲೆಕಾಳಿನಷ್ಟು ಗಂಟು ಸಿಕ್ಕರೂ ವೈದ್ಯರಿಗೆ ತೋರಿಸಬೇಕು. 3 ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ಮೊಲೆ ಗಡ್ಡೆ ತೆಗೆಸಿಕೊಂಡ ನಾಯಿಗಳು, ದೊಡ್ಡದಾಗುವವರೆಗೆ ಕಾದ ನಾಯಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ.